ಎಳೆ ಸೌತೆಕಾಯಿಯಂಥ ಗೋಡೆ

ನಮ್ಮೂರಿನಲ್ಲಿ ಹೆಣ್ಣು ಕೊಡುವ ಮೊದಲು ಗಂಡಿನ ಮನೆಯ ಗೋಡೆಯನ್ನು ತಿಂದು ನೋಡುತ್ತಾರೆ. ಹೊರಗಿನವರಿಗೆ ಹೇಳುವಾಗ ನಾನು ಈ ಮಾತನ್ನು ಸ್ವಲ್ಪ ತಿದ್ದುತ್ತೇನೆ. ತಿನ್ನುವುದು ಗೋಡೆಯನ್ನಲ್ಲ, ಅದರ ಮೇಲೆ ಬೆಳೆಯುವ ಗೋಡೆನಾಲಿಗೆಯನ್ನು. ಅದು ಹಸಿರು, ಚಪ್ಪಟೆ. ಎಲೆ ಎನ್ನುವಂತಿಲ್ಲ, ಬಳ್ಳಿ ಎನ್ನುವಂತಿಲ್ಲ. ತುದಿ ಸೀಳಿದ ಪುಟ್ಟ ನಾಲಿಗೆಗಳು ಒಂದರ ಮೇಲೊಂದು ಮಲಗಿದ ಹಾಗೆ ಗೋಡೆಗೆ ಅಂಟಿಕೊಂಡಿರುತ್ತದೆ. ಜನ ಬದುಕುವ ಮನೆಗೆ ಮಾತ್ರ ಬರುತ್ತದೆ. ಮನೆ ಖಾಲಿಯಾದರೆ ಒಣಗಿ ಉದುರುತ್ತದೆ, ಹೊಸ ಸಂಸಾರ ಬಂದರೆ ಮತ್ತೆ ಚಿಗುರುತ್ತದೆ. ಒಂದು ಮನೆಯದು ಸಪ್ಪೆ, ಪಕ್ಕದ ಮನೆಯದು ಕಹಿ, ಅದರಾಚೆಯದು ನಾಲಿಗೆ ಸುಡುವ ಖಾರ. ಸಂಸಾರ ಬದಲಾದರೆ ರುಚಿಯೂ ಬದಲು.

ಹುಟ್ಟಿದಾಗಿನಿಂದ ಇದರ ಜೊತೆಗೇ ಇರುವುದರಿಂದ ನಮಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ಬಾಡಿಗೆಗೆ ಮನೆ ನೋಡಲು ಹೋದವರು ನಲ್ಲಿ ತಿರುಗಿಸಿ ನೋಡಿದಷ್ಟೇ ಸಹಜವಾಗಿ ಮಾಲೀಕರ ಗೋಡೆಯನ್ನು ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಹೈಸ್ಕೂಲು ಹುಡುಗರು ಪಂಥ ಕಟ್ಟಿ ಹೆಡ್‌ಮಾಸ್ಟರರ ಮನೆಯ ಗೋಡೆ ನೆಕ್ಕಿ ತುಟಿ ಊದಿಸಿಕೊಂಡು ಆಸ್ಪತ್ರೆಗೆ ಬರುತ್ತಾರೆ. ಚುನಾವಣೆ ಹತ್ತಿರ ಬಂದಾಗ ಕೆಲವರ ಮನೆಯ ಗೋಡೆಗೆ ಬೆಲ್ಲದ ನೀರು ಬೀಳುತ್ತದೆ. ಇರುವೆ ಮುತ್ತಿದಾಗ ಊರಿಗೆಲ್ಲ ಗೊತ್ತಾಗುತ್ತದೆ. ಅನುಮತಿಯಿಲ್ಲದೆ ಅನ್ಯರ ಗೋಡೆಯ ರುಚಿ ನೋಡುವುದು ಅಪರಾಧ ಎಂದು ಪುರಸಭೆ ಬಸ್ ನಿಲ್ದಾಣದಲ್ಲಿ ಬೋರ್ಡು ಹಾಕಿದೆ. ನಾನು ಕೆಲಸ ಮಾಡುವ ವಾರಪತ್ರಿಕೆಯಲ್ಲೂ ಒಂದು ನಿಯಮವಿದೆ: ಕೊಲೆ ನಡೆದರೂ ಆ ಮನೆಯ ಗೋಡೆಯ ರುಚಿಯನ್ನು ವರದಿಯಲ್ಲಿ ಬರೆಯಕೂಡದು.

ಸಂಬಂಧ ನೋಡುವಾಗ ಮಾತ್ರ ರುಚಿ ಬಲ್ಲವರು ಬೇಕು. ನಮ್ಮ ಭಾಗದಲ್ಲಿ ಆ ಕೆಲಸ ನನ್ನ ದೊಡ್ಡಮ್ಮನದಾಗಿತ್ತು. ಹೆಸರು ಹೊನ್ನಮ್ಮ, ನನ್ನ ಅಮ್ಮನ ಅಕ್ಕ. ರುಚಿ ನೋಡುವ ದಿನ ಆಕೆ ಬೆಳಗಿನಿಂದ ಉಪ್ಪು, ಹುಳಿ, ಖಾರ ಮುಟ್ಟುತ್ತಿರಲಿಲ್ಲ. ಬರೀ ಗಂಜಿ. ಗಂಡಿನ ಮನೆಯ ಹೊಸ್ತಿಲ ಬಲಕ್ಕೆ ನಿಂತು, ಉಗುರಿನಿಂದ ಒಂದು ಚೂರು ಎಬ್ಬಿಸಿ, ನಾಲಿಗೆಯ ತುದಿಗಿಟ್ಟು ಕಣ್ಣು ಮುಚ್ಚುತ್ತಿದ್ದಳು. ಸಪ್ಪೆ ಎಂದರೆ ನೆಮ್ಮದಿಯ ಮನೆ, ಖಾರ ಎಂದರೆ ಕೆಟ್ಟ ಮನೆ. ಇದನ್ನು ಮೊದಲು ಹೇಳಿದವರು ಯಾರೆಂದು ನಾನು ವಿಚಾರಿಸಿದ್ದೇನೆ. ಯಾರಿಗೂ ಗೊತ್ತಿಲ್ಲ. ಎಲ್ಲರೂ ತಮಗಿಂತ ಹಿರಿಯರ ಕಡೆ ಕೈ ತೋರಿಸುತ್ತಾರೆ.

ದೊಡ್ಡಮ್ಮನಿಗೆ ಒಬ್ಬಳೇ ಮಗಳು, ಸರ್ವಮಂಗಳ. ದೊಡ್ಡಪ್ಪ ಬೇಗ ತೀರಿಕೊಂಡಿದ್ದರು. ಮಂಗಳ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಳು, ನನಗಿಂತ ಚಿಕ್ಕವಳು, ನನ್ನನ್ನು ವನಜಕ್ಕ ಎನ್ನುತ್ತಿದ್ದಳು. ಹಿಟ್ಟಿನ ಗಿರಣಿಯ ಈರಣ್ಣ ತಾನೇ ಬಂದು ಅವಳನ್ನು ಮದುವೆಗೆ ಕೇಳಿದಾಗ ದೊಡ್ಡಮ್ಮ ನನ್ನನ್ನು ಕರೆಸಿದಳು. ಪತ್ರಿಕೆಯವಳಾದ್ದರಿಂದ ಯಾರ ಮನೆ ಎಂಥದ್ದು ಎಂದು ನನಗೆ ಗೊತ್ತಿರುತ್ತದೆ ಎಂಬುದು ಆಕೆಯ ನಂಬಿಕೆ.

ನಾನು ಮಂಗಳಳನ್ನೇ ಕೇಳಿದೆ. "ನಿಂಗೆ ಇಷ್ಟಾನಾ?"

"ನನ್ಹತ್ರ ಮಾತಾಡೋಕೆ ಅಂತ ಗಿರಣಿ ನಿಲ್ಲಿಸ್ತಾನೆ ಅಕ್ಕ," ಎಂದಳು. "ಸಾಲಲ್ಲಿ ನಿಂತೋರೆಲ್ಲ ಬೈತಾರೆ. ಅವನ ಅಮ್ಮಾನೂ ಬೈತಾರೆ. ಅವನು ಅವರ ಜೊತೆ ಜಗಳ ಆಡ್ಕೊಂಡೇ ನನ್ಹತ್ರ ಮಾತು ಮುಗಿಸ್ತಾನೆ." ಹೇಳುವಾಗ ನಗುತ್ತಿದ್ದಳು.

ರುಚಿ ನೋಡಲು ನಾವು ಹೋದ ದಿನ ಆ ಮನೆಯಲ್ಲಿ ಗಲಾಟೆಯೋ ಗಲಾಟೆ. ಗಿರಣಿಯ ಸದ್ದಿನಲ್ಲಿ ಬದುಕಿ ಬದುಕಿ ಆ ಮನೆಯವರಿಗೆಲ್ಲ ಗಂಟಲು ದೊಡ್ಡದಾಗಿತ್ತು. ಈರಣ್ಣನ ತಾಯಿ ಸಾಕಮ್ಮ ಬಾಗಿಲಲ್ಲೇ ನಿಂತು ವಿದ್ಯುತ್ ಕಚೇರಿಯ ಲೈನ್‌ಮನ್‌ನನ್ನು ತರಾಟೆಗೆ ತೆಗೆದುಕೊಂಡಿದ್ದಳು. ಪಕ್ಕದ ಮನೆಯ ಮುದುಕಿಯ ಕರೆಂಟು ಕಿತ್ತನಂತೆ. "ಆವಮ್ಮ ಕತ್ತಲಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮಪ್ಪ ಬಂದು ಎತ್ತುತಾನೇನೋ?" ಎನ್ನುತ್ತಿದ್ದವಳು ನಮ್ಮನ್ನು ನೋಡಿ ಅದೇ ದನಿಯಲ್ಲಿ, "ಬನ್ನಿ ಬನ್ನಿ ಹೊನ್ನಕ್ಕ, ಒಳಕ್ಕೆ ಬನ್ನಿ!" ಎಂದಳು. ನಮಗೂ ಬೈದ ಹಾಗೇ ಕೇಳಿಸಿತು.

ದೊಡ್ಡಮ್ಮ ಗೋಡೆಯ ಹತ್ತಿರ ಹೋದಾಗ ಸಾಕಮ್ಮ ಕೈ ಅಡ್ಡ ಹಿಡಿದಳು. "ಮೊದ್ಲೇ ಹೇಳ್ಬಿಡ್ತೀನಿ ಅಕ್ಕ, ಮುಚ್ಚುಮರೆ ಏನಿಲ್ಲ. ನಮ್ ಗೋಡೆ ಕಾರ. ಮೆಣಸಿನಪುಡಿ ಬೀಸೋ ಮನೆ, ಇನ್ನೇನು ಪಾಯಸ ಸುರೀತದಾ? ಒಂದೇ ಒಂದು ಚೂರು ಸಾಕು."

ದೊಡ್ಡಮ್ಮ ಒಂದೇ ಚೂರು ಇಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು. ಸಾಕಮ್ಮ ಮಜ್ಜಿಗೆ ತರಿಸಿದಳು, ಈರಣ್ಣ ಬೀಸಣಿಗೆ ಹಿಡಿದು ನಿಂತ. ದೊಡ್ಡಮ್ಮ ಮಜ್ಜಿಗೆ ಮುಟ್ಟದೆ ಎದ್ದು ಬಂದಳು. ದಾರಿಯಲ್ಲಿ, ಊದಿದ ನಾಲಿಗೆಯಲ್ಲೇ ಹೇಳಿದಳು: "ಬಾಯಿ ಅಲ್ಲ ಕಣೇ ಅದು, ಕೆಂಡ. ಆ ಮನೇಗೆ ನನ್ ಮಗಳ್ನ ಕೊಡಲ್ಲ." ಮಂಗಳ ವಾದ ಮಾಡಿದಳು. ಊಟ ಬಿಟ್ಟಳು. ಶಾಲೆಯಿಂದ ಸುತ್ತು ಹಾಕಿಕೊಂಡು ಗಿರಣಿಯ ಮುಂದೆಯೇ ಬರುತ್ತಿದ್ದಳು. ಆಗ ಅವಳಿಗೆ ವಾದ ಮಾಡಲು ಬರುತ್ತಿತ್ತು ಎನ್ನುವುದನ್ನು ಇಲ್ಲಿ ದಾಖಲಿಸಬೇಕು.

ಆಮೇಲೆ ಓಂಕಾರಪ್ಪನವರ ಮನೆಯಿಂದ ಮಾತು ಬಂತು. ಪೇಟೆಯ ದೊಡ್ಡ ಜವಳಿ ಅಂಗಡಿ ಅವರದು. ಹೆಂಡತಿ ಇಲ್ಲ, ಒಬ್ಬನೇ ಮಗ ಜಯದೇವ. ಓಂಕಾರಪ್ಪನವರು ದನಿ ಎತ್ತಿದ್ದನ್ನು ಕೇಳಿದವರು ಊರಿನಲ್ಲಿ ಯಾರೂ ಇರಲಿಲ್ಲ. ನಾವು ಹೋದಾಗ ಅವರು ಕುಳಿತಲ್ಲಿಂದಲೇ ಕೈ ಮುಗಿದರು, ಕಣ್ಣಲ್ಲೇ ಮಗನಿಗೆ ಕುರ್ಚಿ ತೋರಿಸಿದರು, ಮಗ ಕುಳಿತ. ಅಡುಗೆಯಾಕೆ ಕಾಫಿ ಇಟ್ಟು ಹೋದದ್ದು ನಮಗೆ ತಿಳಿಯಲೇ ಇಲ್ಲ. ಆ ಗೋಡೆಯ ಮೇಲೆ ಗೋಡೆನಾಲಿಗೆ ದಪ್ಪವಾಗಿ, ನುಣ್ಣಗೆ, ರತ್ನಗಂಬಳಿಯಂತೆ ಹರಡಿತ್ತು. ದೊಡ್ಡಮ್ಮ ಒಂದು ಚೂರು ಇಟ್ಟುಕೊಂಡಳು, ಇನ್ನೊಂದು ಇಟ್ಟುಕೊಂಡಳು, ಆಮೇಲೆ ಕಣ್ಣು ತೆರೆದು ನಮ್ಮ ಕಡೆ ತಿರುಗಿದಳು. "ಎಳೆ ಸೌತೆಕಾಯಿ ಇದ್ದಂಗಿದೆ," ಎಂದಳು. ಇಷ್ಟು ವರ್ಷದಲ್ಲಿ ಅಂಥ ಗೋಡೆ ಕಂಡಿಲ್ಲವೆಂದು ಮನೆಗೆ ಬಂದು ಅತ್ತಳು ಕೂಡ.

"ಅಮ್ಮ, ಆ ಮನೇಲಿ ಯಾರೂ ಮಾತೇ ಆಡ್ಲಿಲ್ಲ," ಎಂದಳು ಮಂಗಳ.

"ಕೂಗಾಡೋರ ಮನೆ ನೋಡಿದ್ಯಲ್ಲ. ಇನ್ನೇನ್ ಬೇಕು ನಿಂಗೆ?"

ಮದುವೆಯಾಯಿತು. ಮದುವೆಯಾದ ಮೇಲೆ ಆ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಬರೆಯಲು ನನಗೆ ಕಷ್ಟ, ಏಕೆಂದರೆ ಏನೂ ನಡೆಯಲಿಲ್ಲ. ಅವಳನ್ನು ಹೊಡೆದರು ಎಂದು ಬರೆಯಲಾರೆ, ಹೊಡೆಯಲಿಲ್ಲ. ಉಪವಾಸ ಕೆಡವಲಿಲ್ಲ, ಬೈಯಲೂ ಇಲ್ಲ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಬೆಳಿಗ್ಗೆ ಅವಳು ಸೀರೆ ಉಟ್ಟು ಹೊರಟಾಗ ಓಂಕಾರಪ್ಪನವರು "ಬೇಡಮ್ಮ" ಎಂದರಂತೆ. ಅಷ್ಟೇ. ಅವಳು ಗಂಡನ ಮುಖ ನೋಡಿದಳು. ಅವನು ತಟ್ಟೆಯಲ್ಲಿದ್ದ ಉಪ್ಪಿಟ್ಟು ನೋಡಿದ. ಅಡುಗೆಯಾಕೆ ಒಲೆ ನೋಡಿದಳು. ಮಂಗಳ ಸೀರೆ ಬದಲಿಸಿದಳು. ಆಮೇಲೆ ಮಹಡಿಯ ಕಿಟಕಿ ಬೇಡಮ್ಮ, ಅಂಗಳದಲ್ಲಿ ತಲೆ ಒಣಗಿಸುವುದು ಬೇಡಮ್ಮ, ಆ ಹಾಡು ಬೇಡಮ್ಮ. ಇದೆಲ್ಲ ಮೊದಮೊದಲು ತೌರಿಗೆ ಬಂದಾಗ ಅವಳೇ ನನಗೆ ಮಾವನ ದನಿ ಅನುಕರಿಸಿ ನಗುತ್ತಾ ಹೇಳಿದ್ದು. ಬರುಬರುತ್ತಾ ಅನುಕರಣೆ ನಿಂತಿತು. ಆಮೇಲೆ ಹೇಳುವುದೂ ನಿಂತಿತು. ಮರುವರ್ಷ ಗೌರಿ ಹಬ್ಬಕ್ಕೆ ಬಂದವಳು ಸ್ವಂತ ತಾಯಿಯ ಮನೆಯಲ್ಲಿ, ನೀರಿನ ಲೋಟ ಕೈಯಲ್ಲಿ ಹಿಡಿದು, "ಕುಡೀಲಾ?" ಎಂದು ಕೇಳಿದಳು. ದೊಡ್ಡಮ್ಮ ಮೊದಲು ನಕ್ಕಳು. ಮಗಳು ಇನ್ನೂ ಕಾಯುತ್ತಾ ನಿಂತಿದ್ದಾಳೆ ಎಂದು ಕಂಡಾಗ ನಗು ನಿಂತಿತು.

"ಕುಡಿ ಮಗಳೇ," ಎಂದಳು. ಮಂಗಳ ಕುಡಿದಳು.

ಅದಾದ ಮೇಲಿನ ಮಂಜಿನ ಕಾಲದಲ್ಲಿ ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಕುಮುದಿನಿ ಎಂಬ ಸಸ್ಯಶಾಸ್ತ್ರಜ್ಞೆ ಬಂದರು. ಪುರಸಭೆಯ ಅನುಮತಿ ಪಡೆದು ಮನೆಮನೆಯ ಗೋಡೆಯಿಂದ ಮಾದರಿ ಕಿತ್ತರು. ವರದಿ ಮಾಡಲು ನಾನು ಅವರ ಹಿಂದೆ ಸುತ್ತಿದೆ. ಪುಸ್ತಕದಲ್ಲಿ ಇದನ್ನು ಲಿವರ್‌ವರ್ಟ್ ಎನ್ನುತ್ತಾರೆ, ಬೇರೆ ಊರಿನ ಬಂಡೆಗಳ ಮೇಲೂ ಇದರ ನೆಂಟರಿದ್ದಾರೆ, ಆದರೆ ಮನೆಯಿಂದ ಮನೆಗೆ ರುಚಿ ಬದಲಾಗುವುದನ್ನು ತಾನು ಎಲ್ಲೂ ಕಂಡಿಲ್ಲ ಎಂದರು. "ಅದು ಯಾಕೆ ಅಂತ ಕೇಳಬೇಡಿ. ಗೊತ್ತಿಲ್ಲ. ಗೊತ್ತಿರೋದು ಕೇಳಿ."

ಗೊತ್ತಿರುವುದನ್ನು ಪ್ರವಾಸಿ ಮಂದಿರದ ಊಟದ ಮೇಜಿನ ಮೇಲೆ ಹರವಿಟ್ಟಿದ್ದರು. ಸೂಕ್ಷ್ಮದರ್ಶಕದಲ್ಲಿ ಗಿರಣಿ ಮನೆಯ ಚೂರನ್ನು ತೋರಿಸಿದರು. ಹಸಿರು ಕೋಶಗಳ ನಡುವೆ ಅಲ್ಲಲ್ಲಿ ಕಂದು ಬಣ್ಣದ ಹನಿ, ಒಣದ್ರಾಕ್ಷಿಯ ಗೊಂಚಲಿನ ಹಾಗೆ. "ಇದಕ್ಕೆ ಮುಳ್ಳಿಲ್ಲ, ತೊಗಟೆ ಇಲ್ಲ, ಓಡಿಹೋಗೋಕೆ ಕಾಲಿಲ್ಲ. ಇಷ್ಟು ತೆಳು ಮೈ ಇಟ್ಕೊಂಡು ಬಂದ ಹುಳಕ್ಕೆಲ್ಲ ಊಟ ಆಗಬೇಕಿತ್ತು. ಆಗಲ್ಲ. ಯಾಕಂದ್ರೆ ಈ ಎಣ್ಣೆ ಹನಿ. ಕಹಿ, ಖಾರ, ಘಾಟು ಎಲ್ಲ ಇದರೊಳಗೆ. ಸುಮ್ಮನೆ ಇದ್ದೋರಿಗೆ ಏನೂ ಮಾಡಲ್ಲ. ಕಚ್ಚಿದಾಗ ಒಡೆಯುತ್ತೆ."

"ಹಾಗಾದ್ರೆ ಖಾರ ಇರೋದು ಕೆಟ್ಟದ್ದಲ್ವಾ?"

"ಕೆಟ್ಟದ್ದೇ," ಎಂದರು. "ಹುಳಕ್ಕೆ."

ಆಮೇಲೆ ಓಂಕಾರಪ್ಪನವರ ಮನೆಯ ಚೂರನ್ನು ಇಟ್ಟರು. ಎಲ್ಲ ಕೋಶಗಳೂ ಸ್ವಚ್ಛ, ಚೆಂದ. ಹನಿ ಒಂದೂ ಇಲ್ಲ. ಎರಡೂ ಮನೆಯ ಚೂರುಗಳನ್ನು ಒಂದೇ ಗಾಜಿನ ತಟ್ಟೆಯಲ್ಲಿಟ್ಟು ಬಸವನಹುಳುಗಳನ್ನು ಬಿಟ್ಟರು. ಮರುದಿನ ನಾನು ಹೋಗಿ ನೋಡಿದಾಗ ಗಿರಣಿ ಮನೆಯದರ ಅಂಚಿನಲ್ಲಿ ಒಂದು ಕಚ್ಚಿದ ಗುರುತು ಇತ್ತು, ಅಷ್ಟೇ. ಇನ್ನೊಂದರ ಜಾಗದಲ್ಲಿ ಅಂಟು ಮಾತ್ರ ಉಳಿದಿತ್ತು.

"ಅದು ತನ್ನನ್ನು ಕಾಯ್ಕೊಳ್ಳೋದನ್ನೇ ಬಿಟ್ಟಿದೆ ಅಂತ ಬರೀಬಹುದಾ?" ಎಂದು ಕೇಳಿದೆ.

"ಬೇಡ. ಹನಿ ತಯಾರಾಗ್ತಿಲ್ಲ ಅಂತ ಬರೀರಿ. ಅಷ್ಟೇ ನನಗೆ ಗೊತ್ತಿರೋದು."

ಅವರು ಹೇಳಿದ ಇನ್ನೊಂದು ಸಂಗತಿ ಕೇಳಿ ನಮ್ಮ ಸಂಪಾದಕರು ಕುಣಿದಾಡಿದರು. ಈ ಎಣ್ಣೆಯ ಸಾರ ಬೂಷ್ಟನ್ನು ಬೆಳೆಯಗೊಡುವುದಿಲ್ಲ, ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನೂ ಕೊಂದಿದೆ. "ನಮ್ಮೂರ ಗೋಡೆಯಲ್ಲಿ ಸಂಜೀವಿನಿ" ಎಂಬ ತಲೆಬರಹ ಸಿದ್ಧವಾಯಿತು. ತಟ್ಟೆಯಲ್ಲಿರುವ ಕೋಶವನ್ನು ಉಪ್ಪು ಕೂಡ ಕೊಲ್ಲುತ್ತದೆ, ಮನುಷ್ಯರ ಮೈಮೇಲೆ ಪರೀಕ್ಷೆ ಆಗಿಲ್ಲ, ಕೆಲವರಿಗೆ ಮುಟ್ಟಿದರೇ ತುರಿಕೆ ಬರುತ್ತದೆ ಎಂದು ಪ್ರೊಫೆಸರೇ ಹೇಳಿದ್ದಾರೆಂದು ನಾನು ಹಟ ಹಿಡಿದು ಆ ತಲೆಬರಹ ತೆಗೆಸಿದೆ. ವರದಿ ಒಳಪುಟದಲ್ಲಿ ಬಂತು. ಜನ ಓದಿದರು. ಓದಿ ಏನು ಮಾಡಿದರು ಎಂದರೆ, ಗಂಡು ಮಕ್ಕಳಿರುವ ಕೆಲವರು ಗೋಡೆಗೆ ಮೆಣಸಿನಪುಡಿ ಕಲಸಿದ ನೀರು ಬಳಿದರು. ಉಳಿದವರು ಸಪ್ಪೆ ಗೋಡೆಯನ್ನೇ ಹುಡುಕುತ್ತಾ ಹೋದರು.

ವರದಿ ಕೇಳಿ ರುಚಿ ನೋಡುವ ಕೆಲಸ ಬಿಟ್ಟವಳು ನನ್ನ ದೊಡ್ಡಮ್ಮ ಒಬ್ಬಳೇ. ಪತ್ರಿಕೆಯನ್ನು ನಾನೇ ಓದಿ ಹೇಳಿದ್ದೆ. ಅಷ್ಟನ್ನೂ ಕೇಳಿ, ಎದ್ದು, ಸೀರೆಯ ಸೆರಗು ಸರಿಮಾಡಿಕೊಂಡು ಗಿರಣಿಯ ಕಡೆ ಹೊರಟಳು. ನಾನು ಜೊತೆಗೆ ಹೋದೆ. ಈರಣ್ಣನಿಗೆ ಅಷ್ಟರಲ್ಲಿ ಬೇರೆ ಮದುವೆಯಾಗಿತ್ತು. ಹೆಂಡತಿ ಬಾಣಂತಿ, ಒಳಗೆ ಮಲಗಿದ್ದಳು. ಸಾಕಮ್ಮ ಮಗನನ್ನು ಬೀದಿಗೇ ಕೇಳಿಸುವ ಹಾಗೆ ಬೈಯುತ್ತಿದ್ದಳು: "ಮಗು ಮಲಗಿರೋ ಹೊತ್ನಲ್ಲಿ ಗಿರಣಿ ಹಾಕ್ತೀಯಾ? ಆ ಹುಡುಗಿ ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ನಿಂಗೇನಾದ್ರೂ ಮನುಷ್ಯತ್ವ ಅದೆಯೇನೋ?" ಒಳಗಿನಿಂದ ಸೊಸೆ ಕೂಗಿದಳು: "ಅತ್ತೇ, ಅವ್ರಿಗಿಂತ ನಿಮ್ ಗಂಟಲೇ ಜಾಸ್ತಿ ಆಯ್ತು!" ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಸಾಕಮ್ಮನೂ ನಕ್ಕಳು. ಗಿರಣಿ ನಿಂತಿತು. ದೊಡ್ಡಮ್ಮ ಒಳಗೆ ಹೋಗಲಿಲ್ಲ. ಬೀದಿಯ ಆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬಂದಳು.

"ಓಂಕಾರಪ್ಪನವ್ರು ಬಟ್ಟೆ ತರೋಕೆ ಹೊರಗಡೆ ಹೋಗೋದು ಯಾವಾಗ?" ಎಂದು ಕೇಳಿದಳು. ನಾನು ವಿಚಾರಿಸಿ ತಿಳಿಸಿದೆ. ಅಪ್ಪ, ಮಗ ಇಬ್ಬರೂ ಹೋಗಿ ಎರಡು ರಾತ್ರಿ ಕಳೆದು ಬರುವವರಿದ್ದರು. ಅಡುಗೆಯಾಕೆಗೂ ರಜೆ ಕೊಟ್ಟಿದ್ದರು.

ಅವರು ಹೊರಟ ಮಧ್ಯಾಹ್ನ ನಾವು ಹೋದೆವು. ಆಟೋ ಬೀದಿಯ ತುದಿಯಲ್ಲಿ ನಿಲ್ಲಿಸಿದ್ದೆವು. ದೊಡ್ಡಮ್ಮ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಉರು ಹೊಡೆಯುತ್ತಿದ್ದಳು. ಶಾಲೆಯವರನ್ನು ನಾನು ಮಾತಾಡಿಸಿದ್ದೆ, ಮಂಗಳಳ ಜಾಗ ಇನ್ನೂ ತುಂಬಿರಲಿಲ್ಲ, ಸೋಮವಾರ ಬಂದರೂ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಎಲ್ಲ ಸರಿಯಾಗಿತ್ತು. ತಡೆಯುವವರು ಯಾರೂ ಇರಲಿಲ್ಲ.

ಆ ಮನೆಯ ಮುಂದೆ ನಿಂತಾಗ ಮೊದಲು ಕಂಡದ್ದು ಗೋಡೆ. ಮಂಜಿನ ಕಾಲದಲ್ಲಿ ಊರಿಗೆ ಬಂದ ಬಸವನಹುಳುಗಳು ಬೇರೆ ಮನೆಗಳಲ್ಲಿ ಒಂದು ಬಾಯಿ ಹಾಕಿ ಬಿಟ್ಟು, ಇಲ್ಲಿಗೆ ಬಂದು ಸೇರಿದ್ದವು. ರತ್ನಗಂಬಳಿಯಂತಿದ್ದದ್ದು ನೆಲಮಟ್ಟದಿಂದ ಸೂರಿನವರೆಗೆ ಬೋಳಾಗಿತ್ತು. ಬಿಳಿ ಅಂಟಿನ ಗೆರೆಗಳು ಸುಣ್ಣದ ಮೇಲೆ ಹೊಳೆಯುತ್ತಿದ್ದವು. ಅಲ್ಲೊಂದು ಇಲ್ಲೊಂದು ಹಸಿರು ಚೂರು ಉಳಿದಿತ್ತು, ಅದರ ಮೇಲೂ ಹುಳು ಕೂತಿತ್ತು.

ಬಾಗಿಲಿಗೆ ಬೀಗ ಹಾಕಿರಲಿಲ್ಲ, ಚಿಲಕವನ್ನೂ ಹಾಕಿರಲಿಲ್ಲ. ದೊಡ್ಡಮ್ಮ ತಳ್ಳಿದರೆ ತೆರೆದುಕೊಂಡಿತು. ಮಂಗಳ ನಡುಮನೆಯ ನೆಲದ ಮೇಲೆ ಕುಳಿತು ಬೇಳೆ ಆರಿಸುತ್ತಿದ್ದಳು. ನಮ್ಮನ್ನು ನೋಡಿ ಮೊರ ಬದಿಗಿಟ್ಟು, ಸದ್ದಾಗದ ಹಾಗೆ ಎದ್ದು ಬಂದಳು. ದಪ್ಪಗಾಗಿದ್ದಳು. ಮುಖ ನುಣುಪಾಗಿತ್ತು. ಕಾಯಿಲೆಯವಳ ಹಾಗೆ ಕಾಣುತ್ತಿರಲಿಲ್ಲ.

"ಬಟ್ಟೆ ತುಂಬ್ಕೋ," ಎಂದಳು ದೊಡ್ಡಮ್ಮ. ಉರು ಹೊಡೆದದ್ದೆಲ್ಲ ಮರೆತುಹೋಗಿತ್ತು. "ಹೊರಡು ಮಗಳೇ, ಮನೇಗೆ ಹೋಗೋಣ. ನಾನು ತಪ್ಪು ಮಾಡ್ದೆ. ನನ್ ನಾಲಿಗೆ ತಪ್ಪು ಹೇಳ್ತು. ಶಾಲೇಲಿ ನಿನ್ನ ಕೆಲ್ಸ ಹಂಗೇ ಅದೆ, ಕೇಳು ಬೇಕಾದ್ರೆ ವನಜನ್ನ."

"ಹೌದು ಮಂಗಳ," ಎಂದೆ. "ಸೋಮವಾರಾನೇ ಬಾ ಅಂದಿದ್ದಾರೆ."

ಅವಳು ನಮ್ಮಿಬ್ಬರ ಮಾತನ್ನೂ ಗಮನವಿಟ್ಟು ಕೇಳಿದಳು. ಲೆಕ್ಕ ಬಿಡಿಸಲಾಗದ ಮಕ್ಕಳ ಮುಂದೆ ಅವಳು ಹಾಗೆ ನಿಲ್ಲುತ್ತಿದ್ದಳು, ತಾಳ್ಮೆಯಿಂದ.

"ಮಾವನ್ನ ಕೇಳ್ಬೇಕಮ್ಮ," ಎಂದಳು.

"ಅವ್ರು ಊರಲ್ಲಿಲ್ವಲ್ಲೇ."

"ಅದಕ್ಕೇ. ಬರ್ಲಿ. ಕೇಳ್ತೀನಿ."

"ಅವ್ರು ಬೇಡ ಅಂತಾರೆ!"

"ಹೌದು," ಎಂದಳು ಮಂಗಳ.

ನನ್ನ ದೊಡ್ಡಮ್ಮ ಜೀವಮಾನದಲ್ಲಿ ದನಿ ಎತ್ತಿದವಳಲ್ಲ. ಅವತ್ತು ಎತ್ತಿದಳು. ಮಗಳ ತೋಳು ಹಿಡಿದು ಜಗ್ಗಿದಳು, "ಬೈಯೇ ನನ್ನ!" ಎಂದು ಕೂಗಿದಳು. "ಯಾಕ್ ಕೊಟ್ಟೆ ಈ ಮನೇಗೆ ಅಂತ ಕೇಳೇ! ಗಿರಣಿ ಹುಡುಗನ್ನ ಯಾಕ್ ಬೇಡ ಅಂದೆ ಅಂತ ಕೇಳು! ಕೆನ್ನೆಗೆ ಹೊಡಿ, ಹೊಡಿಯೇ, ಏನಾರ ಮಾಡೇ!" ಆ ದನಿ ಒಡೆದು, ಸೀಳಿ, ಬೀದಿಗೆ ಹೋಯಿತು. ಎದುರುಮನೆಯ ಕಿಟಕಿ ತೆರೆಯಿತು. ಆಟೋದವನು ಬೀದಿಯ ತುದಿಯಿಂದ ತಲೆ ಹೊರಗೆ ಹಾಕಿ ನೋಡಿದ.

ಮಂಗಳ ತೋಳು ಬಿಡಿಸಿಕೊಳ್ಳಲಿಲ್ಲ. ಜಗ್ಗಿದಷ್ಟು ಬಂದಳು, ಬಿಟ್ಟಾಗ ನಿಂತಳು. ಹೊಸ್ತಿಲಿನ ತನಕ ಹಾಗೇ ಬಂದಿದ್ದಳು. ಒಂದು ಕ್ಷಣ ನಾನು, ಹೀಗೇ ಎಳೆದುಕೊಂಡು ಹೋಗಿಬಿಡಬಹುದು, ಇವಳು ಬೇಡ ಎನ್ನುವುದಿಲ್ಲ ಎಂದುಕೊಂಡೆ. ಬಹುಶಃ ದೊಡ್ಡಮ್ಮನಿಗೂ ಅದೇ ಹೊಳೆದಿರಬೇಕು. ಆಕೆ ಮಗಳ ಕೈಯನ್ನು ಸುಡುವ ಪಾತ್ರೆ ಬಿಡುವ ಹಾಗೆ ಬಿಟ್ಟಳು.

"ಮೆಲ್ಲಗೆ ಅಮ್ಮ," ಎಂದಳು ಮಂಗಳ. "ಕೇಳಿಸುತ್ತೆ."

"ಯಾರಿಗೆ?" ಎಂದಳು ದೊಡ್ಡಮ್ಮ.

ಮಂಗಳ ತಿರುಗಿ ಒಳಗೆ ನೋಡಿದಳು. ನಡುಮನೆ, ಅದರಾಚೆ ಅಡುಗೆಮನೆ, ಹಿತ್ತಲ ಬಾಗಿಲು, ಎಲ್ಲವೂ ನಮಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಮೊರದಲ್ಲಿ ಆರಿಸಿದ ಬೇಳೆ ಒಂದು ಕಡೆ, ಆರಿಸದ ಬೇಳೆ ಒಂದು ಕಡೆ ಇತ್ತು. ಅವಳು ಉತ್ತರ ಹುಡುಕುತ್ತಿದ್ದಾಳೆ ಎನ್ನುವುದು ಸ್ಪಷ್ಟವಾಗಿತ್ತು. ಸುಳ್ಳು ಹೇಳುವವಳಲ್ಲ. ಕೊನೆಗೆ ನಮ್ಮ ಕಡೆ ತಿರುಗಿ, "ಬಿಸಿಲಲ್ಲಿ ನಿಲ್ಬೇಡಿ, ಹೊರಡಿ," ಎಂದು ಬಾಗಿಲು ಹಾಕಿಕೊಂಡಳು. ನಾವು ಹೊರಗೆ ಎರಡೇ ಮೊಳದ ದೂರದಲ್ಲಿ ನಿಂತಿದ್ದೆವು. ಚಿಲಕ ಹಾಕಿದ ಸದ್ದು ಕೂಡ ನಮಗೆ ಕೇಳಿಸಲಿಲ್ಲ.